ಕಣದಿಂದ ಇಳಿದ ಪೈಲ್ವಾನನ ಲೆಕ್ಕ

2020ರ ಡಿಸೆಂಬರ್ 14ರಂದು ಕೊಲ್ಹಾಪುರದಲ್ಲಿ ಶ್ರೀಪತಿ ಖಂಚನಾಳೆ ತೀರಿಕೊಂಡರು. ಆಗ ಅವರಿಗೆ 86 ವರ್ಷ. ಮರಾಠಿ ಪತ್ರಿಕೆಗಳು ದೊಡ್ಡ ಅಕ್ಷರಗಳಲ್ಲಿ ಈ ಸುದ್ದಿಯನ್ನು ಪ್ರಕಟಿಸಿದವು. ದೇಶದ ಮೊತ್ತಮೊದಲ ‘ಹಿಂದ್ ಕೇಸರಿ’ಯಾದ ಈ ಪೈಲ್ವಾನ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲ್ಲೂಕಿನ ಯಕ್ಸಂಬಾದಲ್ಲಿ ಎಂಬುದು ಕನ್ನಡ ಓದುಗರಲ್ಲಿ ಬಹುಮಂದಿಗೆ ಆ ದಿನವೇ ತಿಳಿದಿರಬೇಕು. ದೆಹಲಿಯಲ್ಲಿ ಪಂಜಾಬಿನ ಬಂತಾ ಸಿಂಗ್ ಎಂಬ ಮಲ್ಲನನ್ನು ಸೋಲಿಸಿ ಅವರು ಆ ಬಿರುದು ಗಳಿಸಿದ್ದು 1959ರಲ್ಲಿ. ಆಗ ಅವರ ವಯಸ್ಸು ಇಪ್ಪತ್ತೈದರ ಆಸುಪಾಸು. ಆ ಗೆಲುವಿನ ನಂತರ ಅವರು 61 ವರ್ಷ ಬದುಕಿದರು.

ಕುಸ್ತಿಯನ್ನು ಕುರಿತ ಬಹುದೊಡ್ಡ ಪ್ರಶ್ನೆ ಈ 61 ವರ್ಷಗಳಲ್ಲಿ ಅಡಗಿದೆ. ಗೆದ್ದ ಗಳಿಗೆಯನ್ನು ಎಲ್ಲರೂ ನೆನೆಯುತ್ತಾರೆ. ಆದರೆ ಬಾಲ್ಯ, ಯೌವನಗಳನ್ನೆಲ್ಲ ಒಂದು ಆಟಕ್ಕೆ ಧಾರೆಯೆರೆದು, ಮೂವತ್ತೈದರೊಳಗೆ ಕಣದಿಂದ ಇಳಿದು, ಆಮೇಲೆ ಅರ್ಧ ಶತಮಾನ ಬದುಕಬೇಕಾದವನು ಹಿಂದಿರುಗಿ ನೋಡಿದಾಗ, ಮಾಡಿದ್ದು ಸಾರ್ಥಕವಾಯಿತೆ ಎಂಬ ಪ್ರಶ್ನೆ ಏಳದೇ ಇರದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಈ ಪ್ರಶ್ನೆ ಒಬ್ಬಿಬ್ಬರದಲ್ಲ. ಗರಡಿ ಇದ್ದ ಪ್ರತಿ ಊರಿನದೂ ಹೌದು.

ಎಲ್ಲ ಆಟಗಳಲ್ಲೂ ಈ ಪ್ರಶ್ನೆ ಇಷ್ಟು ಬೇಗ ಎದುರಾಗುವುದಿಲ್ಲ. ಖಂಚನಾಳೆಯವರು ಹಿಂದ್ ಕೇಸರಿ ಆಗುವುದಕ್ಕೆ ಒಂದು ವರ್ಷ ಮೊದಲು, 1958ರಲ್ಲಿ, ವಿಲ್ಸನ್ ಜೋನ್ಸ್ ಕೋಲ್ಕತ್ತದಲ್ಲಿ ವಿಶ್ವ ಅಮೆಚೂರ್ ಬಿಲಿಯರ್ಡ್ಸ್ ಚಾಂಪಿಯನ್ ಆಗಿದ್ದರು. ಆಗ ಅವರಿಗೆ 36 ವರ್ಷ. ಅದೇ ಪಟ್ಟವನ್ನು ಅವರು 1964ರಲ್ಲಿ ನ್ಯೂಜಿಲೆಂಡಿನಲ್ಲಿ ಮತ್ತೆ ಗೆದ್ದಾಗ 42 ವರ್ಷ. ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಅಡ್ವಾಣಿ 2003ರಲ್ಲಿ ಮೊದಲ ವಿಶ್ವ ಪ್ರಶಸ್ತಿ ಪಡೆದು, ಎರಡು ದಶಕ ಕಳೆದ ಮೇಲೆ 2024ರಲ್ಲೂ ದೋಹಾದಲ್ಲಿ ಗೆದ್ದರು. ಹಸಿರು ಬಟ್ಟೆಯ ಮೇಜು ಆಟಗಾರನ ವಯಸ್ಸನ್ನು ಬೇಗ ಕೇಳುವುದಿಲ್ಲ. ಕೋಲು ಹಿಡಿದವನು ತನ್ನ ಬದುಕಿನ ಲೆಕ್ಕವನ್ನು ಐವತ್ತರವರೆಗೂ ಮುಂದೂಡಬಹುದು. ಕೆಂಪು ಮಣ್ಣಿನ ಕಣದಲ್ಲಿ ಅಂಥ ವಾಯಿದೆ ಇಲ್ಲ.

ಅರಸನ ಹೊಣೆ

ಮಲ್ಲರನ್ನು ಯಾರು ಸಾಕಬೇಕು ಎಂಬ ಪ್ರಶ್ನೆಗೆ ಈ ನಾಡಿನಲ್ಲಿ ಬಹು ಹಳೆಯ ಉತ್ತರವೊಂದಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಸಂಸ್ಕೃತ ವಿಶ್ವಕೋಶ ‘ಮಾನಸೋಲ್ಲಾಸ’ದಲ್ಲಿ ‘ಮಲ್ಲವಿನೋದ’ ಎಂಬ ಭಾಗವೇ ಇದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗೆ ಅನುಸಾರವಾಗಿ ವಿಂಗಡಿಸುವ ಬಗೆ, ಅವರು ಮಾಡಬೇಕಾದ ವ್ಯಾಯಾಮ, ಪಟ್ಟುಗಳ ಹೆಸರು ಎಲ್ಲವೂ ಅಲ್ಲಿವೆ. ಇವುಗಳಿಗಿಂತ ಮುಖ್ಯವಾದುದು ಆಹಾರದ ಮಾತು. ಮಲ್ಲರಿಗೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಸಿಹಿತಿನಿಸುಗಳನ್ನು ಒದಗಿಸುವುದು ಅರಸನ ಹೊಣೆ ಎಂದು ಆ ಗ್ರಂಥ ಹೇಳುತ್ತದೆ.

ಸೋಮೇಶ್ವರನಿಗೆ ಇದು ವಿನೋದದ ವಿಷಯ. ಆದರೂ ಅವನ ಮಾತಿನಲ್ಲಿ ಒಂದು ಲೆಕ್ಕಾಚಾರ ಇದೆ. ದಿನವಿಡೀ ಮೈ ಬೆಳೆಸುವವನು ಉಳುವುದಕ್ಕೂ ಆರ, ವ್ಯಾಪಾರಕ್ಕೂ ಆರ. ಅವನು ಉಣ್ಣುವುದೋ ನಾಲ್ಕು ಆಳಿನ ಊಟ. ಹೀಗಾಗಿ ಅವನನ್ನು ನೋಡಿ ಸಂತೋಷಪಡುವವರೇ ಅವನ ಖರ್ಚನ್ನು ಹೊರಬೇಕು. ಮುಂದೆ ರಾಜವಂಶಗಳು ಬದಲಾದವು, ಭಾಷೆಗಳು ಬೆರೆತವು. ಈ ಒಪ್ಪಂದ ಮಾತ್ರ 20ನೆಯ ಶತಮಾನದ ನಡುವಿನವರೆಗೂ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು.

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಈ ಸೀಮೆಗೆ ಆ ಒಪ್ಪಂದವನ್ನು ಹೊಸದಾಗಿ ಬರೆದುಕೊಟ್ಟವರು ಕೊಲ್ಹಾಪುರದ ಶಾಹೂ ಮಹಾರಾಜರು. 1894ರಿಂದ 1922ರವರೆಗೆ ಆಳಿದ ಅವರು ಸ್ವತಃ ಕುಸ್ತಿಪಟು. 1902ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕದ ನಿಮಿತ್ತ ಯೂರೋಪಿಗೆ ಹೋದವರು ರೋಮಿನ ಪ್ರಾಚೀನ ಬಯಲು ರಂಗಮಂದಿರವನ್ನು ಕಂಡು, ಅದೇ ಮಾದರಿಯಲ್ಲಿ ತಮ್ಮ ರಾಜಧಾನಿಯಲ್ಲಿ ‘ಖಾಸಬಾಗ’ ಕುಸ್ತಿ ಮೈದಾನ ಕಟ್ಟಿಸಿದರು. ಅದು 1912ರಲ್ಲಿ ಬಳಕೆಗೆ ಬಂತು. ಬೋಗುಣಿಯಂತೆ ನಡು ತಗ್ಗಾಗಿ ಸುತ್ತಲೂ ಏರುತ್ತ ಹೋಗುವ ಅದರ ರಚನೆಯಿಂದಾಗಿ ಕೊನೆಯ ಸಾಲಿನವನಿಗೂ ಕಣ ಕಾಣುತ್ತದೆ. ಮಹಾರಾಜರು ಪಂಜಾಬಿನ ಹೆಸರಾಂತ ಮಲ್ಲರನ್ನು ಕರೆಸಿ ಕಾದಾಡಿಸಿದರು. ಜಾತಿ ನೋಡದೆ ಹುಡುಗರನ್ನು ಗರಡಿಗೆ ಸೇರಿಸಿದರು. ಗಂಗಾವೇಶ, ಮೋತಿಬಾಗ, ಶಾಹುಪುರಿ ಮೊದಲಾದ ಅಲ್ಲಿಯ ತಾಲೀಮುಗಳ ಹೆಸರು ಹಳ್ಳಿಹಳ್ಳಿಗೆ ಹಬ್ಬಿತು.

ಇಂದಿನ ನಕಾಶೆಯಲ್ಲಿ ಕೊಲ್ಹಾಪುರ ಬೇರೆ ರಾಜ್ಯ. ಅಂದು ಹಾಗಿರಲಿಲ್ಲ. ರಾಯಬಾಗ 1949ರವರೆಗೆ ಕೊಲ್ಹಾಪುರ ಸಂಸ್ಥಾನದ್ದೇ ಭಾಗ. ಚಿಕ್ಕೋಡಿ, ಅಥಣಿಗಳು ಬ್ರಿಟಿಷರ ಬೆಳಗಾವಿ ಜಿಲ್ಲೆಗೆ ಸೇರಿದ್ದರೂ ನಿಪ್ಪಾಣಿಯ ತಂಬಾಕು ವ್ಯಾಪಾರಿಗೆ ಕೊಲ್ಹಾಪುರ, ಕಾಗವಾಡದ ರೈತನಿಗೆ ಮಿರಜ ಪಕ್ಕದ ಪೇಟೆಗಳು. ಮೀಸೆ ಚಿಗುರುವ ಮೊದಲೇ ಮೈಕಟ್ಟು ತೋರಿದ ಹುಡುಗನನ್ನು ಊರವರು ಸೇರಿ ಕೊಲ್ಹಾಪುರದ ತಾಲೀಮಿಗೆ ಕಳಿಸುವುದು ಈ ಸೀಮೆಯಲ್ಲಿ ರೂಢಿಯ ಮಾತಾಗಿತ್ತು.

ತಾಲೀಮಿನ ಬದುಕು

ಈ ಭಾಗದ ಕುಸ್ತಿಯ ಮಾತುಗಳನ್ನು ಕೇಳಿದರೆ ಅದರ ಚರಿತ್ರೆಯೂ ಕೇಳಿಸುತ್ತದೆ. ಗರಡಿ ಎಂಬುದು ಅಚ್ಚಗನ್ನಡದ ಮಾತು. ತಾಲೀಮು, ವಸ್ತಾದ, ಪೈಲ್ವಾನ, ಖುರಾಕು ಎಂಬ ಮಾತುಗಳು ಅರಬ್ಬಿ, ಫಾರಸಿಗಳಿಂದ ಉರ್ದು, ಮರಾಠಿಗಳ ದಾರಿ ಹಿಡಿದು ಬಂದವು. ದಂಡ, ಬೈಠಕ್‌ಗಳು ಉತ್ತರದವು. ತಾಲೀಮಿನ ಮೂಲೆಯಲ್ಲಿ ಮಾರುತಿಯ ಗೂಡು. ಕುಸ್ತಿ ನಡೆಯುವುದು ಗ್ರಾಮದೇವರ ಜಾತ್ರೆಯಲ್ಲಿ, ಹಾಗೆಯೇ ದರ್ಗಾದ ಉರುಸಿನಲ್ಲಿ. ಮಣ್ಣಿಗಿಳಿದ ಮೇಲೆ ಲಂಗೋಟಿಯ ಹೊರತು ಇನ್ನೊಂದು ಗುರುತು ಮೈಮೇಲೆ ಇರುವುದಿಲ್ಲ.

ಪೈಲ್ವಾನನ ದಿನ ಕೋಳಿ ಕೂಗುವ ಮೊದಲೇ ಆರಂಭ. ಎಣ್ಣೆ, ಅರಿಶಿನ, ಮಜ್ಜಿಗೆ ಬೆರೆಸಿ ಹದ ಮಾಡಿದ ಮಣ್ಣನ್ನು ಸಲಿಕೆಯಿಂದ ಅಗೆದು ಹಸನು ಮಾಡುವುದೇ ಮೊದಲ ವ್ಯಾಯಾಮ. ಆಮೇಲೆ ನೂರುಗಟ್ಟಲೆ ದಂಡ, ಬೈಠಕ್, ಬಳಿಕ ಜೋಡಿಗಳ ನಡುವೆ ಜೋರು. ಬಿಸಿಲೇರುವ ಹೊತ್ತಿಗೆ ಬಾದಾಮಿ ಅರೆದ ಥಂಡಾಯಿ, ಹಾಲು, ತುಪ್ಪ. ಜೈನ, ಲಿಂಗಾಯತ ಮನೆತನಗಳು ಹೆಚ್ಚಿರುವ ಈ ಸೀಮೆಯಲ್ಲಿ ಮಾಂಸ ಮುಟ್ಟದೆ ಹೈನಿನ ಮೇಲೆಯೇ ಮೈ ಬೆಳೆಸಿದ ಪೈಲ್ವಾನರು ಅನೇಕರು. ನಿದ್ದೆ, ಮಾಲೀಸು, ಮತ್ತೆ ಸಂಜೆಯ ಮೇಹನತ್ತು. ಮದುವೆ, ಚಟ, ಜಾಗರಣೆ ಎಲ್ಲವೂ ವರ್ಜ್ಯ. ಹತ್ತು ಹದಿನೈದು ವರ್ಷ ಹೀಗೆ ಕಳೆದರೆ ಒಬ್ಬ ಪೈಲ್ವಾನ ತಯಾರು.

ಇಷ್ಟು ತಯಾರಿಯ ಫಲ ಕೆಲವೇ ನಿಮಿಷಗಳಲ್ಲಿ ತೀರ್ಮಾನವಾಗುತ್ತದೆ. ಮಣ್ಣಿನ ‘ನಿಕಾಲಿ’ ಕುಸ್ತಿಯಲ್ಲಿ ಅಂಕಗಳಿಲ್ಲ. ಎದುರಾಳಿಯ ಎರಡೂ ಭುಜಗಳು ನೆಲಕ್ಕೆ ತಾಗಿದರೆ ಗೆಲುವು, ಇಲ್ಲವಾದರೆ ಇಲ್ಲ. ಸ್ವಲ್ಪ ಗೆದ್ದೆ, ಸ್ವಲ್ಪ ಸೋತೆ ಎನ್ನುವ ಹಾಗಿಲ್ಲ. ಬೆನ್ನಿಗೆ ಮಣ್ಣು ಹತ್ತಿತೋ ಇಲ್ಲವೋ ಎಂಬುದನ್ನು ಇಡೀ ಊರು ಕಣ್ಣಾರೆ ನೋಡುತ್ತದೆ. ಆದ್ದರಿಂದಲೇ ಈ ಆಟಕ್ಕೆ ಹಳ್ಳಿಗಳಲ್ಲಿ ಅಷ್ಟು ಮರ್ಯಾದೆ. ಇಲ್ಲಿ ವಶೀಲಿ ನಡೆಯುವುದು ಕಷ್ಟ, ಬಡವನ ಮಗ ದೇಸಾಯರ ಮಗನನ್ನು ಎಲ್ಲರೆದುರು ಕೆಡವಬಹುದು.

ಜಾತ್ರೆಯ ಮೈದಾನದಲ್ಲಿ ಮೊದಲ ಕುಸ್ತಿ ಚಿಕ್ಕ ಹುಡುಗರದು. ಬಹುಮಾನ ಒಂದು ತೆಂಗಿನಕಾಯಿ ಅಥವಾ ನಾಲ್ಕು ಕಾಸು. ಹೊತ್ತೇರಿದಂತೆ ರುಮಾಲು, ಬೆಳ್ಳಿ ಕಡಗ, ರೊಕ್ಕ. ಕೊನೆಗೆ ಹಲಗಿಯ ಬಡಿತದ ನಡುವೆ ನಂಬರ್ ಒಂದರ ಜೋಡಿ. ಗೆದ್ದವನು ಜನರ ನಡುವೆ ಒಂದು ಸುತ್ತು ಬಂದರೆ ಕೈಗೆ ಕೈಗೆ ನೋಟು ಬೀಳುತ್ತವೆ. ಪೈಲ್ವಾನನ ವರಮಾನವೆಂದರೆ ಅಷ್ಟೇ, ಜಾತ್ರೆಯಿಂದ ಜಾತ್ರೆಗೆ. ಮಳೆಗಾಲದಲ್ಲಿ ಅದೂ ಇಲ್ಲ.

ಯಕ್ಸಂಬಾದಿಂದ ದೆಹಲಿಗೆ

ದೂಧಗಂಗೆಯ ಬಳಿಯ ಯಕ್ಸಂಬಾದಲ್ಲಿ 1934ರಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆ ಇದೇ ದಾರಿ ಹಿಡಿದು ಕೊಲ್ಹಾಪುರದ ಶಾಹುಪುರಿ ತಾಲೀಮು ಸೇರಿದವರು. ಅವರ ಏಳಿಗೆಯ ಕಾಲ ಚರಿತ್ರೆಯ ಒಂದು ತಿರುವು. 1949ರ ಮಾರ್ಚ್‌ನಲ್ಲಿ ಕೊಲ್ಹಾಪುರ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಚಿಕ್ಕೋಡಿ ಸಹಿತ ಬೆಳಗಾವಿ ಜಿಲ್ಲೆಯ ಬಹುಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಯಕ್ಸಂಬಾದ ಹುಡುಗನ ಮನೆ ಒಂದು ರಾಜ್ಯದಲ್ಲಿ, ತಾಲೀಮು ಇನ್ನೊಂದರಲ್ಲಿ ಎಂಬಂತಾಯಿತು. ಸಾಕುವ ಮಹಾರಾಜರೂ ಇಲ್ಲ, ಹಳೆಯ ಗಡಿಯೂ ಇಲ್ಲ.

ಆ ಹೊತ್ತಿಗೆ ದೇಶದ ಮಲ್ಲರಿಗೆಲ್ಲ ಒಂದು ಬಿರುದು ಇರಲಿ ಎಂದು ಹಿಂದ್ ಕೇಸರಿ ಸ್ಪರ್ಧೆ ರೂಪುಗೊಂಡಿತು. ಸಂಸ್ಥಾನಿಕರ ಕಾಲದಲ್ಲಿ ಒಬ್ಬ ಮಹಾರಾಜನ ಪೈಲ್ವಾನ ಇನ್ನೊಬ್ಬ ಮಹಾರಾಜನ ಪೈಲ್ವಾನನ ಮೇಲೆ ಸೆಣಸುತ್ತಿದ್ದ. ಈಗ ಅವನು ದೇಶದ ಕೇಸರಿ. 1959ರಲ್ಲಿ ಖಂಚನಾಳೆ ಬಂತಾ ಸಿಂಗ್‌ರನ್ನು ಸೋಲಿಸಿದಾಗ ದಕ್ಷಿಣದ ಮಣ್ಣು ಪಂಜಾಬಿನ ಮಣ್ಣಿಗೆ ಸಾಟಿ ಎಂದು ಸಿದ್ಧವಾಯಿತು. ಶಾಹೂ ಮಹಾರಾಜರು ಪಂಜಾಬಿನಿಂದ ಮಲ್ಲರನ್ನು ಕರೆಸಿ ಅರ್ಧ ಶತಮಾನ ಹಿಂದೆ ಕಲಿಸಿದ ಪಾಠ ಹೀಗೆ ಫಲ ಕೊಟ್ಟಿತು. ಮರುವರ್ಷ, 1960ರಲ್ಲಿ, ಕೊಲ್ಹಾಪುರದಲ್ಲೇ ಪಳಗಿದ ಗಣಪತರಾವ್ ಆಂದಳಕರ್, 1964ರಲ್ಲಿ ಸಾಂಗಲಿ ಜಿಲ್ಲೆಯ ಮಾರುತಿ ಮಾನೆ ಅದೇ ಪಟ್ಟ ಪಡೆದರು.

ಆದರೆ ಜಗತ್ತಿನ ಕುಸ್ತಿ ಆ ವೇಳೆಗೆ ಮಣ್ಣು ಬಿಟ್ಟು ಮ್ಯಾಟ್ ಏರಿತ್ತು. ಅಲ್ಲಿ ತೂಕದ ವರ್ಗಗಳು, ಗಡಿಯಾರ, ಅಂಕಗಳು. ಆಂದಳಕರ್ 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಪದಕ ಗೆದ್ದು, 1964ರಲ್ಲಿ ಟೋಕಿಯೊ ಒಲಿಂಪಿಕ್ಸ್‌ಗೆ ಹೋಗಿ, ಅರ್ಜುನ ಪ್ರಶಸ್ತಿಗೂ ಪಾತ್ರರಾದರು. ಮಣ್ಣಿನಲ್ಲೇ ಉಳಿದ ಬಹುತೇಕ ಪೈಲ್ವಾನರಿಗೆ ಆ ಬಾಗಿಲು ತೆರೆಯಲಿಲ್ಲ. ಜಾತ್ರೆಯ ಗೆಲುವಿಗೆ ಸರ್ಕಾರದ ಕಡತದಲ್ಲಿ ಅಂಕಣ ಇರಲಿಲ್ಲ. ಸಾವಿರಾರು ಜನ ಕಣ್ಣಾರೆ ಕಂಡ ಗೆಲುವು ನೌಕರಿಯ ಅರ್ಜಿಯಲ್ಲಿ ಬರೆಯಲಾಗದ ಗೆಲುವಾಯಿತು.

ಪದಕ ಗೆದ್ದವರ ಪಾಡು

ಪದಕ ಗೆದ್ದವರ ಲೆಕ್ಕವಾದರೂ ಸರಿಹೋಯಿತೇ? ಕರಾಡದ ಬಳಿಯ ಗೋಳೇಶ್ವರದ ಖಾಶಾಬಾ ಜಾಧವ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದು. ಅವರನ್ನು ಹೆಲ್ಸಿಂಕಿಗೆ ಕಳಿಸಲು ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಂಶುಪಾಲ ಖರ್ಡೇಕರ್ ತಮ್ಮ ಮನೆಯನ್ನೇ ಅಡವಿಟ್ಟು 7,000 ರೂಪಾಯಿ ತಂದರು. ಊರವರು ಮನೆಮನೆಯಿಂದ ಚಂದಾ ಎತ್ತಿದರು. ಮರಳಿ ಬಂದಾಗ ನೂರಕ್ಕೂ ಹೆಚ್ಚು ಎತ್ತಿನ ಗಾಡಿಗಳ ಮೆರವಣಿಗೆ. ಜಾಧವ್ ಮಾಡಿದ ಮೊದಲ ಕೆಲಸವೆಂದರೆ ಕುಸ್ತಿಗಳನ್ನಾಡಿ ಹಣ ಕೂಡಿಸಿ ಪ್ರಾಂಶುಪಾಲರ ಸಾಲ ತೀರಿಸಿದ್ದು.

1955ರಲ್ಲಿ ಅವರು ಪೊಲೀಸ್ ಸಬ್‌ಇನ್ಸ್‌ಪೆಕ್ಟರ್ ಆದರು. 1984ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು ಸತ್ತು ಹದಿನಾರು ವರ್ಷಗಳಾದ ಮೇಲೆ, 2000ನೆಯ ಸಾಲಿನದು. 2010ರಲ್ಲಿ ದೆಹಲಿಯ ಕುಸ್ತಿ ಕ್ರೀಡಾಂಗಣಕ್ಕೆ ಅವರ ಹೆಸರಿಟ್ಟರು. ಊರು ಕೊಟ್ಟದ್ದು ಗೆದ್ದ ವಾರದಲ್ಲೇ ಬಂತು. ನಾಡು ಕೊಟ್ಟದ್ದು ಅವರ ಕಾಲ ಮುಗಿದ ಮೇಲೆ.

1910ರಲ್ಲಿ ಲಂಡನ್ನಿನವರೆಗೆ ಹೋಗಿ ಹೆಸರಾದ ಗಾಮಾ ಪೈಲ್ವಾನನ ಮುಪ್ಪು ಇನ್ನೂ ಕಠಿಣ. ಪಟಿಯಾಲಾದಂಥ ಸಂಸ್ಥಾನಗಳ ಆಸರೆಯಲ್ಲಿ ಬೆಳೆದ ಅವನು ದೇಶ ವಿಭಜನೆಯ ನಂತರ ಲಾಹೋರಿನಲ್ಲಿ ಉಳಿದ. 1960ರಲ್ಲಿ ತೀರಿಕೊಳ್ಳುವ ಮೊದಲು ಬಡತನ, ಕಾಯಿಲೆ ಎರಡನ್ನೂ ಕಂಡ. ಭಾರತದ ಉದ್ಯಮಿ ಜಿ.ಡಿ. ಬಿರ್ಲಾ ಅವನಿಗೆ ನೆರವು ಕಳಿಸಿದರು. ಗೆಲ್ಲುವುದರಲ್ಲಿ ಗಾಮಾನಿಗೆ ಕೊರತೆ ಇರಲಿಲ್ಲ. ಅವನನ್ನು ಸಾಕಿದ ವ್ಯವಸ್ಥೆಯೇ ಅವನಿಗಿಂತ ಮೊದಲು ಸತ್ತಿತ್ತು.

ರಾಜರು ಹೋದ ಮೇಲೆ

ಬೆಳಗಾವಿ ಗಡಿಯಲ್ಲಿ ರಾಜರ ಜಾಗ ತುಂಬಿದ್ದು ಕಬ್ಬು. ಕೃಷ್ಣೆಯ ದಂಡೆಯ ಉಗಾರ ಖುರ್ದದಲ್ಲಿ 1939ರಲ್ಲಿ ಸಕ್ಕರೆ ಕಾರ್ಖಾನೆ ಆರಂಭವಾಯಿತು. ಸ್ವಾತಂತ್ರ್ಯದ ನಂತರ ಸಹಕಾರಿ ಕಾರ್ಖಾನೆಗಳು ಬಂದವು. ನೀರಾವರಿ ಹೆಚ್ಚಿತು, ಎಮ್ಮೆಗಳು ಹೆಚ್ಚಿದವು, ಹಾಲು ತುಪ್ಪಕ್ಕೆ ಬರ ಕಡಿಮೆಯಾಯಿತು. ಜಾತ್ರೆಯ ಕಮಿಟಿಗಳಿಗೆ ಚಂದಾ ಕೊಡುವ ಕೈಗಳು ಸಿಕ್ಕವು. ಸಾವಿರದ ಕುಸ್ತಿಗಳು ಲಕ್ಷದ ಕುಸ್ತಿಗಳಾದವು.

ಆದರೆ ಹೊಸ ಆಶ್ರಯಕ್ಕೂ ಹಳೆಯದಕ್ಕೂ ಒಂದು ವ್ಯತ್ಯಾಸ ಇತ್ತು. ಅರಮನೆ ಪೈಲ್ವಾನನನ್ನು ಸಾಕುತ್ತಿತ್ತು, ಕಮಿಟಿ ಕುಸ್ತಿಗೆ ರೊಕ್ಕ ಕೊಡುತ್ತದೆ. ಮೊದಲನೆಯದರಲ್ಲಿ ಮನುಷ್ಯನ ಹೊಣೆ ಇತ್ತು, ಎರಡನೆಯದರಲ್ಲಿ ಇರುವುದು ಆ ದಿನದ ಆಟದ ಬೆಲೆ ಮಾತ್ರ. ಮೊಣಕಾಲು ಜಾರಿದ ದಿನ ಕಮಿಟಿಯ ಸಂಬಂಧ ಮುಗಿಯಿತು. ಆಮೇಲೆ ಉಳಿಯುವುದು ಮುದುಡಿದ ಕಿವಿ, ನೋಯುವ ಕೀಲು, ವ್ಯಾಯಾಮ ನಿಂತರೂ ನಿಲ್ಲದ ಹಸಿವು. ಹೊಲ ಇದ್ದವನು ಹೊಲಕ್ಕೆ ಮರಳಿದ. ಇಲ್ಲದವನು ಕಾರ್ಖಾನೆಯ ಕಾವಲಿಗೋ ಕೂಲಿಗೋ ಹೋದ. ಅಣ್ಣತಮ್ಮಂದಿರು ದುಡಿದದ್ದನ್ನು ಇಪ್ಪತ್ತರಲ್ಲಿ ಉಂಡವನು ನಲವತ್ತರಲ್ಲಿ ಅವರ ಮುಂದೆ ತಲೆ ತಗ್ಗಿಸಿ ಕೂರಬೇಕಾದ ಮನೆಗಳು ಈ ಸೀಮೆಗೆ ಹೊಸತಲ್ಲ.

ಸರ್ಕಾರಗಳು ಈ ಹೊಣೆಯನ್ನು ಸ್ವಲ್ಪ ಮಟ್ಟಿಗೆ ಹೊತ್ತಿವೆ. ಕರ್ನಾಟಕದಲ್ಲಿ ಮಾಜಿ ಕುಸ್ತಿಪಟುಗಳಿಗೆ ಕ್ರೀಡಾ ಇಲಾಖೆಯಿಂದ ಮಾಸಾಶನ ಇದೆ. ಮಹಾರಾಷ್ಟ್ರದಲ್ಲೂ ಹಿರಿಯ ಮಲ್ಲರಿಗೆ ಮಾನಧನ ಇದೆ. ಆದರೆ ಮಾಸಾಶನಕ್ಕೆ ಪ್ರಮಾಣಪತ್ರ ಬೇಕು. ಪ್ರಮಾಣಪತ್ರಕ್ಕೆ ರಾಜ್ಯ, ರಾಷ್ಟ್ರ ಮಟ್ಟದ ದಾಖಲಾದ ಸ್ಪರ್ಧೆ ಬೇಕು. ಕಾಗವಾಡದ ಹುಡುಗ ಮಿರಜದ ಗರಡಿಯಲ್ಲಿ ಕಲಿತು, ಅಥಣಿಯ ಜಾತ್ರೆಯಲ್ಲೂ ಸಾಂಗಲಿಯ ಮೈದಾನದಲ್ಲೂ ಆಡಿ ಬಾಳಿದ್ದರೆ ಅವನನ್ನು ಯಾವ ರಾಜ್ಯದ ಯಾವ ಮಟ್ಟಕ್ಕೆ ಸೇರಿಸುವುದು? ಮಣ್ಣಿಗೆ ಗಡಿ ಇಲ್ಲ, ಕಡತಕ್ಕೆ ಇದೆ.

ಈಚಿನ ತಲೆಮಾರು ಇದನ್ನು ಅರಿತಿದೆ. ಮ್ಯಾಟ್ ಇರುವ ಕ್ರೀಡಾ ವಸತಿನಿಲಯ, ಸೇನೆ, ರೈಲ್ವೆ, ಪೊಲೀಸ್ ಇವು ಇಂದಿನ ಪೈಲ್ವಾನರು ಕಣ್ಣಿಟ್ಟ ಗುರಿಗಳು. ಬಾಗಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿ 2020ರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 55 ಕೆ.ಜಿ. ಗ್ರೀಕೊ ರೋಮನ್ ವಿಭಾಗದ ಕಂಚು ಗೆದ್ದದ್ದು ಈ ದಾರಿಯ ಫಲ. ಈಗ ಹೆಣ್ಣುಮಕ್ಕಳೂ ಕಣಕ್ಕೆ ಇಳಿದಿದ್ದಾರೆ. ಹಿಂದಿನವರು ಕೇಳದೆ ಬಿಟ್ಟ ಪ್ರಶ್ನೆಯನ್ನು ಇಂದಿನ ತಂದೆತಾಯಿ ಮೊದಲೇ ಕೇಳುತ್ತಾರೆ: ಆಟ ಮುಗಿದ ಮೇಲೆ ಏನು?

ಲೆಕ್ಕದ ಕೊನೆಯ ಸಾಲು

ಹಾಗಾದರೆ ಹಳೆಯವರ ಬದುಕು ವ್ಯರ್ಥವಾಯಿತೆ? ರೊಕ್ಕದ ಲೆಕ್ಕದಲ್ಲಿ ನೋಡಿದರೆ ಬಹುಮಂದಿಯ ಮಟ್ಟಿಗೆ ಹೌದು ಎನ್ನಬೇಕು. ಉಂಡ ಹಾಲಿನ ಬೆಲೆಯೂ ಗೆದ್ದ ಬಹುಮಾನದಿಂದ ಹುಟ್ಟಲಿಲ್ಲ. ಹಿಂದ್ ಕೇಸರಿ ಆದವರು ಬೆರಳೆಣಿಕೆಯಷ್ಟು. ಅವರ ಸಮಕ್ಕೆ ಬೆವರು ಸುರಿಸಿ ಹೆಸರಿಲ್ಲದೆ ಹೋದವರು ನೂರಾರು.

ಆದರೆ ತಾಲೀಮಿನಲ್ಲಿ ಇನ್ನೊಂದು ಲೆಕ್ಕ ಇದೆ. ಕಣದಿಂದ ಇಳಿದವನು ಅಲ್ಲಿ ನಿವೃತ್ತನಾಗುವುದಿಲ್ಲ, ವಸ್ತಾದ ಆಗುತ್ತಾನೆ. ಮಲ್ಲವಿದ್ಯೆಯ ಪಟ್ಟುಗಳ ಹೆಸರುಗಳನ್ನು ಸೋಮೇಶ್ವರನ ಗ್ರಂಥ ಕೊಟ್ಟರೂ ಅವುಗಳನ್ನು ಹಾಕುವ ಬಗೆಯನ್ನು ವಿವರಿಸುವುದಿಲ್ಲ. ವಿವರಿಸುವ ಅಗತ್ಯ ಬರಲಿಲ್ಲವೇನೋ, ಏಕೆಂದರೆ ಅದು ಮೈಯಿಂದ ಮೈಗೆ ದಾಟುವ ವಿದ್ಯೆ. ಒಬ್ಬನ ಮೊಣಕೈ ಇನ್ನೊಬ್ಬನ ಕುತ್ತಿಗೆಯ ಮೇಲೆ ಇದ್ದಾಗಲೇ ಅದು ಕಲಿಸಲ್ಪಡುತ್ತದೆ. ಎಂಟುನೂರು ವರ್ಷಗಳಿಂದ ಈ ಪಟ್ಟುಗಳು ಉಳಿದು ಬಂದಿದ್ದರೆ, ಗೆದ್ದವರು ಸೋತವರು ಎನ್ನದೆ ಪ್ರತಿ ತಲೆಮಾರಿನ ಪೈಲ್ವಾನರೂ ಮೂವತ್ತರ ನಂತರದ ತಮ್ಮ ವರ್ಷಗಳನ್ನು ಅದಕ್ಕೆ ಕೊಟ್ಟದ್ದರಿಂದ. ಬಿರುದು ಗೆದ್ದವನ ಕಾಲಕ್ಕೆ ಮುಗಿಯುತ್ತದೆ. ಹೆಸರಿಲ್ಲದ ವಸ್ತಾದ ಕಲಿಸಿದ ಪಟ್ಟು ಅವನ ನಂತರವೂ ಕಣದಲ್ಲಿ ಇರುತ್ತದೆ.

ಈ ಲಾಭ ಊರಿನದು, ನಾಡಿನದು. ನಷ್ಟ ಮಾತ್ರ ಪೈಲ್ವಾನನ ಮನೆಯದು. ಇಬ್ಬರ ಖಾತೆ ಬೇರೆ ಬೇರೆ ಇದ್ದಷ್ಟು ದಿನ ಸಾರ್ಥಕವೇ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಸಿಗುವುದಿಲ್ಲ. ಸಿಹಿತಿನಿಸು ಸಹಿತ ಮಲ್ಲರ ಊಟದ ಹೊಣೆಯನ್ನು ಅರಸನ ಮೇಲೆ ಹೊರಿಸಿದ ಹಳೆಯ ಗ್ರಂಥಕ್ಕೆ ಇದು ಗೊತ್ತಿತ್ತು. ಆದರೆ ಅದು ಹೇಳಿದ್ದು ಕಾದಾಡುವ ವಯಸ್ಸಿನವರ ಮಾತು. ಇಳಿವಯಸ್ಸಿನ ಮಾತನ್ನು ಅರಮನೆಯೂ ಸರಿಯಾಗಿ ಬರೆಯಲಿಲ್ಲ, ಜಾತ್ರೆಯ ಕಮಿಟಿಯೂ ಬರೆಯಲಿಲ್ಲ. ಮಾಸಾಶನದ ಆದೇಶ ಈಗ ಅದನ್ನು ಅರ್ಧ ಬರೆದಿದೆ.

ಇಂದಿಗೂ ಈ ಸೀಮೆಯ ಜಾತ್ರೆಗಳಲ್ಲಿ ಕುಸ್ತಿ ಆರಂಭವಾಗುವ ಮೊದಲು ಮುದಿ ಪೈಲ್ವಾನರನ್ನು ಕಣದ ಅಂಚಿಗೆ ಕರೆದು, ತಲೆಗೆ ರುಮಾಲು ಸುತ್ತಿ, ಕೈಗೆ ತೆಂಗಿನಕಾಯಿ ಕೊಡುತ್ತಾರೆ. ಅವರು ಅಲ್ಲೇ ಕುಳಿತು ಜೋಡಿ ಹಚ್ಚುತ್ತಾರೆ. ಇಬ್ಬರು ಹುಡುಗರ ತೋಳು ಮುಟ್ಟಿ ನೋಡಿ, ಇವರಿಬ್ಬರದು ಸರಿಸಮ ಎಂದು ತೀರ್ಪು ಕೊಡುತ್ತಾರೆ. ಹುಡುಗರು ಅವರ ಕಾಲು ಮುಟ್ಟಿ, ಚಿಟಿಕೆ ಮಣ್ಣು ಹಣೆಗೆ ಹಚ್ಚಿಕೊಂಡು ಕಣಕ್ಕೆ ಇಳಿಯುತ್ತಾರೆ. ಆ ಒಂದು ಮಧ್ಯಾಹ್ನ ಮುದುಕನ ಲೆಕ್ಕ ಚುಕ್ತಾ ಆದಂತೆ ಕಾಣುತ್ತದೆ. ವರ್ಷದ ಉಳಿದ ದಿನಗಳ ಲೆಕ್ಕ ಬಾಕಿಯೇ ಇದೆ.